ಅಪ್ಪಯ್ಯನ ಎದೆಯ ಸಿಡಿ

ಶಿರಸಿಯ ಎದೆರೋಗದ ಡಾಕ್ಟರು ನಾವು ಹುಬ್ಬಳ್ಳಿಯಿಂದ ತಂದ ಸ್ಕ್ಯಾನ್ ವರದಿಯನ್ನು ನಿಧಾನವಾಗಿ ಓದಿದರು. ಓದಿ ಮುಗಿಸಿ, ಎದುರಿಗೆ ಕುಳಿತಿದ್ದ ಅಪ್ಪಯ್ಯನನ್ನು ಬಿಟ್ಟು, ಪಕ್ಕದಲ್ಲಿ ನಿಂತಿದ್ದ ನನ್ನನ್ನು ನೋಡಿದರು. ವರದಿ ಇಂಗ್ಲಿಷಿನಲ್ಲಿತ್ತು. ನಾನು ಅದನ್ನು ಮೊದಲೇ ಓದಿದ್ದೇನೆ ಎಂದು ಅವರಿಗೆ ಗೊತ್ತಾಗಿರಬೇಕು.

"ಬಲಗಡೆ ಮೇಲ್ಭಾಗದಲ್ಲಿ ಒಂದು ಸಣ್ಣ ಗಂಟು ಕಾಣ್ತಾ ಇದೆ. ಇದು ಹಳೇದೋ ಹೊಸದೋ ಅಂತ ಗೊತ್ತಾಗ್ಬೇಕು. ಮೊದ್ಲು ಯಾವಾಗ್ಲಾದ್ರೂ ಎದೆ ಸ್ಕ್ಯಾನ್ ಮಾಡ್ಸಿದ್ರಾ?"

"ಕೊರೋನ ಬಂದಾಗ ಒಂದು ಮಾಡ್ಸಿದ್ವಿ" ಎಂದ ಅಪ್ಪಯ್ಯ.

"ಅದನ್ನ ಹುಡುಕಿ ತನ್ನಿ. ಅದ್ರಲ್ಲೂ ಇದೇ ಜಾಗದಲ್ಲಿ ಇಷ್ಟೇ ದೊಡ್ಡದಾಗಿ ಇದ್ರೆ, ಯಾವುದೋ ಹಳೇ ಸೋಂಕಿನ ಕಲೆ ಅಂತ ಬಿಟ್ಬಿಡ್ಬಹುದು. ಆಗ ಇಲ್ದೆ ಈಗ ಬಂದಿದೆ ಅಂದ್ರೆ ಸೂಜಿ ಹಾಕಿ ತುಣುಕು ತೆಗೆದು ಪರೀಕ್ಷೆಗೆ ಕಳಿಸ್ಬೇಕಾಗ್ತದೆ."

ಪರೀಕ್ಷೆಯಲ್ಲಿ ಏನು ಹುಡುಕುತ್ತಾರೆ ಎಂದು ಅವರು ಹೇಳಲಿಲ್ಲ. ಅಪ್ಪಯ್ಯ ಕೇಳಲೂ ಇಲ್ಲ. ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ, "ಹಳೇ ಗಂಟೇ ಆಗಿರ್ಲಿ ಹೇಳಿ ದೇವ್ರ ಹತ್ರ ಕೇಳ್ಕಂಬದು ಜೀವಮಾನದಲ್ಲಿ ಇದೇ ಮೊದ್ಲು" ಎಂದು ನಕ್ಕ. ನಗು ಕೆಮ್ಮಾಗಿ ತಿರುಗಿತು. ಔಷಧಿ ಅಂಗಡಿಯ ಕಟ್ಟೆ ಹಿಡಿದುಕೊಂಡು ಅದು ಮುಗಿಯುವವರೆಗೆ ಕಾದ.

ಆ ಕೆಮ್ಮು ನಮಗೆ ಹೊಸದಾಗಿರಲಿಲ್ಲ. ಅಪ್ಪಯ್ಯ ಅಡುಗೆಯವನು. ಮನ್ಮನೆಯಿಂದ ಉಮ್ಮಚಗಿಯವರೆಗೆ ಯಾರ ಮನೆಯಲ್ಲಿ ಮದುವೆ, ಮುಂಜಿ, ಶ್ರಾದ್ಧ ಇದ್ದರೂ ಅವನು ಹಿಂದಿನ ದಿನವೇ ಸಟ್ಟುಗಗಳ ಗಂಟು ಕಟ್ಟಿಕೊಂಡು ಹೋಗುತ್ತಿದ್ದ. ನೆಲದಲ್ಲಿ ತೋಡಿದ ಉದ್ದನೆಯ ಒಲೆ, ಅರೆಒಣಗಿದ ಕಟ್ಟಿಗೆ, ತಗಡಿನ ಮಾಡಿನ ಕೆಳಗೆ ಸುತ್ತುವ ಹೊಗೆ. ಮನೆಗೆ ಬಂದ ಮೇಲೆ ಎರಡು ದಿನ ಕೆಮ್ಮುವುದು ವಾಡಿಕೆಯೇ ಆಗಿತ್ತು. ಅಡುಗೆಯವರಿಗೆಲ್ಲ ಅದು ಇದ್ದದ್ದೇ ಎಂದು ನಾವು ತಿಳಿದಿದ್ದೆವು. ಹೀಗಾಗಿ ಮದುವೆಯ ಹಂಗಾಮು ಮುಗಿದ ಮೇಲೂ ಕೆಮ್ಮು ನಿಲ್ಲದಿದ್ದಾಗ ಯಾರೂ ಅದನ್ನು ಬೇರೆ ಕೆಮ್ಮೆಂದು ಗುರುತಿಸಲಿಲ್ಲ. ಅವನ ಜೊತೆ ಬಡಿಸಲು ಹೋಗುವವರು ಕೂಡ ಆ ಕೆಮ್ಮು ಕೇಳಿಯೇ "ಭಟ್ರು ಬಂದ್ರು" ಎನ್ನುತ್ತಿದ್ದರಂತೆ.

ಸಿದ್ದಾಪುರಕ್ಕೆ ಬಸ್ಸಿನಲ್ಲಿ ವಾಪಸ್ ಬರುವಾಗ ನಾನು ಹಳೆಯ ಸ್ಕ್ಯಾನಿನ ಬಗ್ಗೆ ಯೋಚಿಸುತ್ತಿದ್ದೆ. ಕೊರೋನದ ಎರಡನೆಯ ಸುತ್ತಿನಲ್ಲಿ ಅಪ್ಪಯ್ಯನಿಗೆ ಉಸಿರು ಕಟ್ಟಿದಾಗ ಮಾಡಿಸಿದ್ದು. ಆಗ ಎಲ್ಲೆಡೆ ನೂಕುನುಗ್ಗಲು. ಚಿತ್ರ ಅಚ್ಚು ಹಾಕುವ ಫಿಲ್ಮ್ ಮುಗಿದಿದೆ ಎಂದು ನಮಗೆ ಒಂದು ಸಿಡಿಯನ್ನೂ ಒಂದು ಹಾಳೆ ವರದಿಯನ್ನೂ ಕೊಟ್ಟಿದ್ದರು. ಆ ಹಾಳೆ ಆಸ್ಪತ್ರೆಯ ಕಾಗದಗಳ ಜೊತೆ ಎಲ್ಲೋ ಹೋಯಿತು. ಸ್ಕ್ಯಾನ್ ಮಾಡಿದಲ್ಲಿಗೆ ಫೋನ್ ಹಚ್ಚಿದೆ. ಅಷ್ಟು ಹಳೆಯದನ್ನು ಇಟ್ಟುಕೊಳ್ಳುವುದಿಲ್ಲ ಎಂದರು. ಉಳಿದದ್ದು ಸಿಡಿ. ಅದನ್ನು ಒಮ್ಮೆಯೂ ಯಾವ ಯಂತ್ರಕ್ಕೂ ಹಾಕಿ ನೋಡಿರಲಿಲ್ಲ. ಅಪ್ಪಯ್ಯ ಗುಣವಾಗಿ ಮನೆಗೆ ಬಂದಿದ್ದ, ಅಷ್ಟು ಸಾಕಾಗಿತ್ತು.

"ಸಿಡಿ ಎಲ್ಲಿದ್ದು ಆಯಿ?" ಎಂದು ಮನೆಗೆ ಬಂದವಳೇ ಅಮ್ಮನನ್ನು ಕೇಳಿದೆ.

ಆಯಿ ಚಹಾಕ್ಕೆ ನೀರಿಟ್ಟವಳು ಕೈ ಹಾಗೆಯೇ ಬಿಟ್ಟಳು. "ಯಾವ ಸಿಡಿ?"

"ಅಪ್ಪಯ್ಯಂದು. ಕೊರೋನದಲ್ಲಿ ಕೊಟ್ಟಿದ್ದು."

ಅವಳು ಒಲೆ ಆರಿಸಿ ಹಿತ್ತಲ ಬಾಗಿಲು ತೆರೆದು ಹೊರಗೆ ಹೋದಳು. ನಾನೂ ಹಿಂದೆಯೇ ಹೋದೆ.

ನಮ್ಮ ಕಡೆ ಹಾಡು ಕೇಳುವುದು ಮೊಬೈಲಿಗೆ ಬಂದ ಮೇಲೆ ಮನೆಮನೆಯ ಸಿಡಿಗಳೆಲ್ಲ ಹಿತ್ತಲು ಸೇರಿವೆ. ದಾರ ಪೋಣಿಸಿ ತರಕಾರಿ ಚಪ್ಪರಕ್ಕೆ ಕಟ್ಟಿದರೆ ಗಾಳಿಗೆ ತಿರುಗುತ್ತ ಬಿಸಿಲಿಗೆ ಹೊಳೆಯುತ್ತವೆ, ಹಕ್ಕಿ ಹತ್ತಿರ ಬರುವುದಿಲ್ಲ ಎಂಬ ನಂಬಿಕೆ. ಆಯಿಯ ಅಲಸಂದೆ ಚಪ್ಪರಕ್ಕೂ ನಾಲ್ಕೈದು ಕಟ್ಟಿದ್ದವು. ಅವುಗಳ ಕೆಳಗೆ ನಿಂತು ಅವಳು ಒಂದೊಂದನ್ನೇ ತಿರುಗಿಸಿ ನೋಡಿದಳು. ಪೆನ್ನಿನಲ್ಲಿ ಬರೆದದ್ದೇನಾದರೂ ಇದ್ದಿದ್ದರೆ ಅದು ಬಿಸಿಲು ಮಳೆಗೆ ಅಳಿಸಿಹೋಗಿತ್ತು. ಎಲ್ಲವೂ ಒಂದೇ ಥರ ಕಾಣುತ್ತಿದ್ದವು.

"ಗುಣ ಆತಲೆ, ಇನ್ನೆಂತಕ್ಕೆ ಅದು ಹೇಳಿ ಮಾಡ್ದೆ" ಎಂದಳು. "ಈ ಕೈಯಲ್ಲಿ ಆನೇ ಕಟ್ಟಿದ್ದೆ ಕೂಸೆ."

ಅಪ್ಪಯ್ಯ ಹಿತ್ತಲ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. "ಅಡ್ಡಿಲ್ಲೆ ಮಾರಾಯ್ತಿ. ಯನ್ನ ಎದೆ ನೋಡಿ ಇಷ್ಟು ವರ್ಷ ಹಕ್ಕಿನಾದ್ರೂ ಹೆದ್ರಿದ್ವಲೆ. ನೀ ಅಂತೂ ಒಂದಿನ ಹೆದ್ರಿದ್ದಿಲ್ಲೆ" ಎಂದ. ಆಯಿ ನಗಲಿಲ್ಲ. ಕುಡುಗೋಲು ತಂದು ದಾರಗಳನ್ನು ಕತ್ತರಿಸಿದಳು. ಸಿಡಿಗಳನ್ನೆಲ್ಲ ತೊಳೆದು, ತನ್ನ ಹಳೆಯ ನೂಲಿನ ಸೀರೆಯ ತುಂಡಿನಲ್ಲಿ ಒರೆಸಿ, ಒಂದರ ನಡುವೆ ಒಂದು ಕಾಗದವಿಟ್ಟು ನನ್ನ ಕೈಗೆ ಕೊಟ್ಟಳು. ಆ ಸಂಜೆ ಅವಳು ಊಟ ಮಾಡಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದಳು.

ನಾನು ಶಿರಸಿಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ದಿನವೂ ಸಿದ್ದಾಪುರದಿಂದ ಬಸ್ಸು. ನಮ್ಮಲ್ಲಿ ಹೊಸ ಕಂಪ್ಯೂಟರುಗಳು ಬಂದ ಮೇಲೆ ಸಿಡಿ ಹಾಕುವ ಜಾಗ ಯಾವುದರಲ್ಲೂ ಇಲ್ಲ. ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮದುವೆ ವಿಡಿಯೋ ಮಾಡುವ ಅಂಗಡಿಗೆ ಹೋದೆ. ಅಂಗಡಿಯ ಸಾಹೇಬರು ಅಪ್ಪಯ್ಯನ ಪರಿಚಯದವರು. ಅವರು ಕ್ಯಾಮರಾ ಹಿಡಿದ ಎಷ್ಟೋ ಮದುವೆಗಳಲ್ಲಿ ಅಪ್ಪಯ್ಯನ ಅಡುಗೆ.

"ಯಾರ ಮದುವೇದು ಮೇಡಂ?" ಎಂದು ಸಿಡಿಗಳನ್ನು ನೋಡಿ ಕೇಳಿದರು.

"ಮದುವೇದಲ್ಲ. ಅಪ್ಪಯ್ಯನ ಸ್ಕ್ಯಾನು. ಹಿತ್ತಲ ಬಿಸಿಲಲ್ಲಿ ಕಟ್ಟಿದ್ವಿ. ಇದ್ರಲ್ಲಿ ಯಾವುದು ಅಂತ ಗೊತ್ತಿಲ್ಲ."

ಅವರು ಮೂಲೆಯಲ್ಲಿ ಧೂಳು ಹಿಡಿದಿದ್ದ ಕಂಪ್ಯೂಟರನ್ನು ಎಬ್ಬಿಸಿದರು. ಮೊದಲ ಸಿಡಿ ಹಾಕಿದಾಗ ಏನೂ ಆಗಲಿಲ್ಲ. ಎರಡನೆಯದು ಹಾಕಿದಾಗ ಅಂಗಡಿಯ ತುಂಬ ಚಂಡೆ ಬಡಿಯಿತು. ಯಾವುದೋ ಯಕ್ಷಗಾನದ ಯುದ್ಧ. ಸಾಹೇಬರು ಗಡಬಡಿಸಿ ದನಿ ತಗ್ಗಿಸುತ್ತ, "ಭಟ್ರ ಎದೆ ಇದೇ ಇರ್ಬೇಕು ಮೇಡಂ, ಇಷ್ಟು ಗಟ್ಟಿ ಇದ್ಮೇಲೆ ಏನೂ ಆಗಲ್ಲ ಬಿಡಿ" ಎಂದರು. ಆ ವಾರದಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಮೂರನೆಯ ಸಿಡಿಯಲ್ಲಿ ನೂರಾರು ಫೈಲುಗಳ ಸಾಲು ಬಂತು. ಹೆಸರುಗಳೆಲ್ಲ ಬರೀ ಅಂಕಿಗಳು. ಚುಕ್ಕಿಯಿಲ್ಲ, ಚುಕ್ಕಿಯ ನಂತರ ಬರಬೇಕಾದ ಮೂರು ಅಕ್ಷರವೂ ಇಲ್ಲ. ಒಂದರ ಮೇಲೆ ಒತ್ತಿದರೆ, ಇದನ್ನು ಯಾವುದರಲ್ಲಿ ತೆರೆಯಬೇಕು ಎಂದು ಕಂಪ್ಯೂಟರು ನಮ್ಮನ್ನೇ ಕೇಳಿತು. ಸಿಡಿಯ ಜೊತೆಗೇ ಕೊಟ್ಟಿದ್ದ ಚಿತ್ರ ತೋರಿಸುವ ಪ್ರೋಗ್ರಾಮು ತೆರೆದುಕೊಳ್ಳಲಿಲ್ಲ. ಸಾಹೇಬರು ವಿಡಿಯೋ ನೋಡುವುದರಲ್ಲಿ ಹಾಕಿದರು, ಕಪ್ಪು ಪರದೆ ಬಂತು. ಹೆಸರಿನ ಕೊನೆಗೆ ಫೋಟೋದ ಬಾಲ ಅಂಟಿಸಿ ನೋಡಿದರು, ಹಾಳಾದ ಚಿತ್ರ ಎಂದಿತು.

"ಬಿಸಿಲಲ್ಲಿ ಇತ್ತು ಅಂದ್ರಲ್ಲ. ಕೆಟ್ಟಿರ್ಬೇಕು ಮೇಡಂ" ಎಂದರು ಮೆಲ್ಲಗೆ.

ನನಗೆ ಹಾಗೆ ಅನ್ನಿಸಲಿಲ್ಲ. ಫೈಲಿನ ಹೆಸರಿಗೆ ಅಂಟಿದ ಬಾಲ ಡಬ್ಬಿಯ ಮೇಲಿನ ಚೀಟಿ ಇದ್ದ ಹಾಗೆ. ಉಪ್ಪಿನ ಡಬ್ಬಿಗೆ ಸಕ್ಕರೆ ಎಂದು ಬರೆದರೆ ಪಾಯಸ ಸಿಹಿಯಾಗುವುದಿಲ್ಲ. ಚೀಟಿಯೇ ಇಲ್ಲದ ಡಬ್ಬಿಯಲ್ಲಿ ಏನೂ ಇಲ್ಲವೆಂದೂ ಅಲ್ಲ. ಇರುವುದನ್ನೆಲ್ಲ ನನ್ನ ಪೆನ್‌ಡ್ರೈವಿಗೆ ಹಾಕಿಕೊಡಿ ಎಂದೆ. ಅದು ಬಹಳ ಹೊತ್ತು ಹಿಡಿಯಿತು. ನಡುನಡುವೆ ನಿಂತು ಸಿಡಿ ಒಳಗೇ ಕೆರೆಯುವ ಸದ್ದು ಬರುತ್ತಿತ್ತು. ಪ್ರತಿ ಸಲ ನಿಂತಾಗಲೂ ಸಾಹೇಬರು ಸಿಡಿ ಹೊರಗೆ ತೆಗೆದು, ಕ್ಯಾಮರಾದ ಗಾಜು ಒರೆಸುವ ಬಟ್ಟೆಯಿಂದ ಒರೆಸಿ ಮತ್ತೆ ಹಾಕಿದರು. ಕೊನೆಯ ಕೆಲವು ಫೈಲುಗಳು ಏನು ಮಾಡಿದರೂ ಬರಲಿಲ್ಲ. ಆ ಕೆಲವುಗಳಲ್ಲೇ ನಮಗೆ ಬೇಕಾದದ್ದು ಇದ್ದರೆ ಎಂಬ ಯೋಚನೆಯನ್ನು ಹೊತ್ತುಕೊಂಡೇ ಬಸ್ಸು ಹತ್ತಿದೆ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನನ್ನ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತೆ. ಹೋಲಿಸಲು ಹುಬ್ಬಳ್ಳಿಯ ಹೊಸ ಸ್ಕ್ಯಾನೂ ನನ್ನ ಬಳಿ ಇತ್ತು. ಅವರು ಅದನ್ನು ಫೋನಿಗೆ ಕಳಿಸಿದ್ದರು. ಆ ಫೈಲುಗಳಿಗೆ ಬಾಲವಿತ್ತು, ಆದರೆ ನಾನು ಎಂದೂ ನೋಡದ ಬಾಲ. ಅಪ್ಪಯ್ಯ ಕನ್ನಡಕ ಸರಿಸಿ ಬಗ್ಗಿ ನೋಡಿ ಅಕ್ಷರ ಕೂಡಿಸಿ ಓದಿದ. "ಡಿ ಸಿ ಎಂ. ಉಪಮುಖ್ಯಮಂತ್ರಿ ಎಂತಕ್ಕೆ ಬಂದ ಯನ್ನ ಎದೆಯೊಳಗೆ?"

"ನೀ ಮಲಗು ಅಪ್ಪಯ್ಯ. ನೋಡಿ ಹೇಳ್ತೆ."

ಅವನು ಹೋದ ಮೇಲೆ ಹೊಸ ಫೈಲೊಂದನ್ನು ಬರಹ ಓದುವ ಸಾದಾ ಪ್ರೋಗ್ರಾಮಿನಲ್ಲಿ ತೆರೆದೆ. ಗೊತ್ತಿಲ್ಲದ ಫೈಲು ಬಂದಾಗ ನಾನು ಮೊದಲು ಮಾಡುವುದು ಇದನ್ನೇ. ಪರದೆಯ ತುಂಬ ಅರ್ಥವಿಲ್ಲದ ಗುರುತುಗಳು ಬಂದವು. ಆದರೆ ಶುರುವಿನಲ್ಲಿಯೇ, ಒಂದಿಷ್ಟು ಖಾಲಿ ಜಾಗ ದಾಟಿದ ಮೇಲೆ, ಡಿ, ಐ, ಸಿ, ಎಂ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳು ಒಟ್ಟಿಗೆ ನಿಂತಿದ್ದವು. ಸಿಡಿಯಿಂದ ಬಂದ ಬಾಲವಿಲ್ಲದ ಫೈಲನ್ನೂ ಹಾಗೆಯೇ ತೆರೆದೆ. ಅದೇ ಜಾಗದಲ್ಲಿ ಅದೇ ನಾಲ್ಕು ಅಕ್ಷರ. ಎರಡೂ ಒಂದೇ ಜಾತಿಯವು, ಸಿಡಿ ಕೆಟ್ಟಿಲ್ಲ ಎಂದು ಆಗ ಖಾತ್ರಿಯಾಯಿತು. ಇಂಥ ಫೈಲು ಹೀಗೆಯೇ ಶುರುವಾಗಬೇಕೆಂಬ ಕಟ್ಟಳೆಯಿದೆಯಂತೆ, ಆಮೇಲೆ ಓದಿ ತಿಳಿದುಕೊಂಡೆ. ಆಸ್ಪತ್ರೆಯ ಯಂತ್ರಗಳು ತಮ್ಮತಮ್ಮೊಳಗೆ ಚಿತ್ರ ಕೊಟ್ಟು ತೆಗೆದುಕೊಳ್ಳಲು ಮಾಡಿಕೊಂಡ ಏರ್ಪಾಡು ಅದು.

ಸ್ವಲ್ಪ ಕೆಳಗೆ, ಆ ಕಸದ ನಡುವೆ, ಅಪ್ಪಯ್ಯನ ಹೆಸರಿತ್ತು. ಒಂದು ಅಕ್ಷರ ತಪ್ಪಾಗಿ ಬರೆದಿದ್ದರು. ಪಕ್ಕದಲ್ಲಿ ಆಗಿನ ವಯಸ್ಸು. ನಾನು ಅದರ ಮೇಲೆ ಬೆರಳಿಟ್ಟುಕೊಂಡು ಎಷ್ಟು ಹೊತ್ತು ಕುಳಿತಿದ್ದೆನೋ ಗೊತ್ತಿಲ್ಲ. ಅಪ್ಪಯ್ಯ ಈಗ ಇಲ್ಲ. ಹೋಗಿ ಒಂದು ವರ್ಷದ ಮೇಲಾಯಿತು. ಅವನ ಕಾಗದಪತ್ರಗಳಲ್ಲಿ ಆ ಹೆಸರನ್ನು ಎಷ್ಟೋ ಕಡೆ ನೋಡಿದ್ದೇನೆ, ಸಹಿ ಮಾಡಿದ್ದೇನೆ. ನೆನಪಿಗೆ ಮೊದಲು ಬರುವುದು ಮಾತ್ರ ಆ ಮಧ್ಯಾಹ್ನದ್ದು, ತಪ್ಪು ಅಕ್ಷರದ್ದು.

ಈ ಚಿತ್ರಗಳನ್ನು ತೋರಿಸುವ ಪ್ರೋಗ್ರಾಮು ಪುಕ್ಕಟೆಯಾಗಿ ಸಿಗುತ್ತದೆ. ಇಳಿಸಿಕೊಂಡು ಎರಡೂ ಸ್ಕ್ಯಾನುಗಳನ್ನು ಅಕ್ಕಪಕ್ಕ ಇಟ್ಟೆ. ಮೊದಲು ಕಂಡದ್ದು ಎಲುಬುಗಳ ಬಿಳಿ ಉಂಗುರ, ಅದರೊಳಗೆ ಎರಡು ಕಪ್ಪು ಗುಳಿ. ಅವು ಶ್ವಾಸಕೋಶಗಳೆಂದು ಗೊತ್ತಿತ್ತು, ಆದರೆ ಒಳಗೆ ಏನೂ ಕಾಣುತ್ತಿರಲಿಲ್ಲ. ಬೆಳಕಿನ ಅಳತೆಯನ್ನು ಶ್ವಾಸಕೋಶಕ್ಕೆ ಹೊಂದಿಸಬೇಕು. ಹೊಂದಿಸಿದೊಡನೆ ಕಪ್ಪಿನೊಳಗಿನಿಂದ ಸಣ್ಣ ಸಣ್ಣ ಬಿಳಿ ಕವಲುಗಳು ಎದ್ದು ಬಂದವು. ದೇಹವನ್ನು ಕುತ್ತಿಗೆಯಿಂದ ಕೆಳಗೆ ತೆಳ್ಳಗೆ ಬಿಲ್ಲೆಬಿಲ್ಲೆಯಾಗಿ ಹೆಚ್ಚಿದಂತೆ ಒಂದರ ಹಿಂದೆ ಒಂದು ಚಿತ್ರ. ಬೆರಳಿನಿಂದ ಸರಿಸಿದರೆ ಅಪ್ಪಯ್ಯನೊಳಗೆ ಇಳಿದು ಹೋಗುತ್ತಿದ್ದೆ.

ಹೊಸದರಲ್ಲಿ ಗಂಟನ್ನು ಹುಡುಕುವುದು ಕಷ್ಟವಾಗಲಿಲ್ಲ. ವರದಿಯಲ್ಲಿ ಎಷ್ಟನೆಯ ಚಿತ್ರವೆಂದು ಬರೆದಿತ್ತು. ನೆನೆಸಿದ ಕಡಲೆಕಾಳಿನಷ್ಟು ಬಿಳಿ, ಅಂಚಿನಲ್ಲಿ ಸಣ್ಣ ಎಳೆಗಳು. ಹಳೆಯದರಲ್ಲಿ ಅದೇ ಜಾಗ ಯಾವುದು ಎಂಬುದು ಕಷ್ಟ, ಏಕೆಂದರೆ ಎರಡರ ಎಣಿಕೆ ಬೇರೆಬೇರೆ. ಉಸಿರಿನ ಕೊಳವೆ ಎರಡಾಗಿ ಒಡೆಯುವ ಜಾಗವನ್ನು ಎರಡರಲ್ಲೂ ಹುಡುಕಿದೆ. ಅದನ್ನೇ ಗುರುತಿಟ್ಟುಕೊಂಡು ಎರಡನ್ನೂ ಸಮನಾಗಿ ಮೇಲಕ್ಕೆ ಸರಿಸಿದೆ. ಕಾಪಿಯಾಗದೆ ಉಳಿದ ಚಿತ್ರಗಳು ಕೆಳಗಿನ ತುದಿಯವು, ಹೊಟ್ಟೆಯ ಹತ್ತಿರದವು. ಮೇಲಿನವೆಲ್ಲ ಇದ್ದವು. ನಿಜ ಹೇಳಬೇಕೆಂದರೆ ಆಗ ಸಮಾಧಾನವಾಯಿತು.

ಹಳೆಯದರಲ್ಲಿ ಗಂಟು ಇರಲಿಲ್ಲ.

ಕೆಳಭಾಗದಲ್ಲಿ ಕೊರೋನದ ಮಂಜು ಮಸುಕಾಗಿ ಹರಡಿತ್ತು. ಮೇಲೆ, ಗಂಟು ಇರಬೇಕಾದಲ್ಲಿ, ತೆಳ್ಳಗಿನ ಕವಲುಗಳು ಮಾತ್ರ ಇದ್ದವು. ಮೇಲೆ ಕೆಳಗೆ ಸರಿಸಿದೆ. ಬಲ ಎಡ ತಪ್ಪಿರಬಹುದು ಎನ್ನಿಸಿತು. ಈ ಚಿತ್ರಗಳಲ್ಲಿ ಬಲಗಡೆಯದು ನಮ್ಮ ಎಡಕ್ಕೆ ಕಾಣುತ್ತದೆ ಎಂದು ಓದಿದ್ದೆ. ಓದಿದ್ದೇ ತಪ್ಪಾಗಿರಲಿ ಎಂದುಕೊಂಡು ಆ ಕಡೆಯೂ ಹುಡುಕಿದೆ. ಬೇರೆ ಯಾರದೋ ಸಿಡಿಯಾಗಿರಲಿ ಎಂದುಕೊಂಡೆ, ಆದರೆ ಹೆಸರು ಆಗಲೇ ನೋಡಿಯಾಗಿತ್ತು. ನಾನು ಡಾಕ್ಟರಲ್ಲ. ಇರುವುದನ್ನು ನೋಡಿ ಅದು ಏನೆಂದು ಹೇಳಲು ನನಗೆ ಬರುವುದಿಲ್ಲ. ಇಲ್ಲದಿರುವುದು ಮಾತ್ರ ಯಾರಿಗೂ ತಿಳಿಯುತ್ತದೆ.

ಅಪ್ಪಯ್ಯ ಮಲಗಿರಲಿಲ್ಲ. ಬಾಗಿಲಲ್ಲಿ ನಿಂತು, "ಎಂತ ಕಾಣ್ತು ಕೂಸೆ?" ಎಂದ.

ನಾನು ಕುರ್ಚಿ ಸರಿಸಿ ಜಾಗ ಕೊಟ್ಟೆ. ಬಾಯಿಂದ ಹೇಳುವುದಕ್ಕಿಂತ ಅದು ಸುಲಭವಾಗಿತ್ತು. ಅವನು ಪಕ್ಕದಲ್ಲಿ ಕುಳಿತು ಎರಡೂ ಚಿತ್ರಗಳನ್ನು ನೋಡಿದ. ಪಾಕ ಎಳೆ ಬಂತೇ ಎಂದು ನೋಡುವಾಗಿನಂತೆಯೇ ಕಣ್ಣು ಕಿರಿದು ಮಾಡಿ ನೋಡಿದ. ಹೊಸದರ ಬಿಳಿಯನ್ನು ಅವನೇ ತೋರಿಸಿದ. "ಇದಾ?"

"ಹೌದು."

"ಇದ್ರಲ್ಲಿ ಇಲ್ಲೆ."

"ಇಲ್ಲೆ ಅಪ್ಪಯ್ಯ."

ಅವನು ಹೊಸದನ್ನು ಮತ್ತೆ ನೋಡಲಿಲ್ಲ. ಹಳೆಯದನ್ನೇ ನೋಡುತ್ತ ಕುಳಿತ. "ಆಗ ಸತ್ತೇ ಹೋಗ್ತೆ ಹೇಳಿ ಮಾಡಿದ್ದೆ ಕೂಸೆ. ಆಸ್ಪತ್ರೆಲಿ ಮಲಗಿ ನಿನ್ನ ಮದುವೆ ಅಡುಗೆಗೆ ಯಾರನ್ನ ಕರೆಯವು ಹೇಳಿನೂ ವಿಚಾರ ಮಾಡಿಟ್ಟಿದ್ದೆ. ನೋಡು, ಒಳಗೆ ಎಷ್ಟು ಚೊಲೋ ಇದ್ದಿತ್ತು."

ನಮ್ಮ ಮನೆಯಲ್ಲಿ ಯಾರೂ ಇಂಥ ಮಾತಿಗೆ ಉತ್ತರ ಕೊಟ್ಟು ರೂಢಿಯಿಲ್ಲ.

ಬಾಗಿಲ ಕಡೆ ನೋಡಿ ಅವನು ದನಿ ತಗ್ಗಿಸಿದ. "ಆಯಿ ಹತ್ರ ಈಗ ಹೇಳಡ. ಓಪನ್ ಆಜಿಲ್ಲೆ ಹೇಳು. ಸೂಜಿ ಹಾಕಿ ನೋಡಿದ್ಮೇಲೆ ಎಂತ ಹೇಳಿ ಗೊತ್ತಾಗ್ತಲೆ, ಆಗ ಹೇಳನ."

ನಾನು ಒಪ್ಪುವವಳಿದ್ದೆ. ಸುಳ್ಳು ಹೇಳುವುದು ನನಗೆ ಬರುವುದಿಲ್ಲ, ಸುಮ್ಮನಿರುವುದು ಬರುತ್ತದೆ. ಆದರೆ ಚಪ್ಪರದ ಕೆಳಗೆ ನಿಂತಿದ್ದ ಆಯಿಯ ಮುಖ ನೆನಪಾಯಿತು. "ಓಪನ್ ಆಜಿಲ್ಲೆ ಹೇಳಿರೆ ತಾನೇ ಹಾಳು ಮಾಡಿದ್ದು ಹೇಳಿ ಆಯಿ ತಿಳ್ಕತ್ತು. ಮುಂದೆ ಎಂತ ಆದ್ರೂ ಅದನ್ನೇ ಹಚ್ಚಿಕೊಂಡು ಕೂರ್ತು."

ಅಪ್ಪಯ್ಯ ನನ್ನ ಮುಖ ನೋಡಿದ. ಅವನಿಗೆ ಅದು ಹೊಳೆದಿರಲಿಲ್ಲ. "ಹೌದಲೆ" ಎಂದ. ಓಪನ್ ಆಯಿತು ಎಂದರೆ ಮುಂದಿನದನ್ನೂ ಹೇಳಬೇಕು. ಆಗಲಿಲ್ಲ ಎಂದರೆ ಆಯಿಯ ತಲೆಯ ಮೇಲೆ ಕಲ್ಲು. ಇವೆರಡರ ನಡುವೆ ಮೂರನೆಯ ದಾರಿ ಇದೆಯೇ ಎಂದು ಇಬ್ಬರೂ ಹುಡುಕಿದೆವು. ಕೊನೆಗೆ ಅಪ್ಪಯ್ಯ ನನ್ನ ಭುಜ ಹಿಡಿದು ಎದ್ದ. "ನೀ ಇಲ್ಲೇ ಇರು. ಆನು ಹೇಳ್ತೆ."

ಆಯಿ ಜಗುಲಿಯಲ್ಲಿ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತ ಕುಳಿತಿದ್ದಳು. ನನ್ನ ಕೋಣೆಯ ಕಿಟಕಿ ಜಗುಲಿಗೇ ತೆರೆಯುತ್ತದೆ. ಕಾಣುತ್ತಿರಲಿಲ್ಲ, ಕೇಳುತ್ತಿತ್ತು.

"ಓಪನ್ ಆತ?" ಎಂದು ಅವಳೇ ಕೇಳಿದಳು.

"ಆತು."

"ಖರೆ ಹೇಳಿ. ಹಾಳಾಜಿಲ್ಲೆ?"

"ಎಂತೂ ಆಜಿಲ್ಲೆ. ಎಲ್ಲ ಚೊಲೋ ಕಾಣ್ತು."

ಆಯಿ ದೊಡ್ಡದಾಗಿ ಉಸಿರು ಬಿಟ್ಟದ್ದು ನನ್ನವರೆಗೆ ಕೇಳಿಸಿತು. "ಅಬ್ಬಾ ದೇವ್ರೆ. ಅವತ್ತಿಂದ ಒಂದು ತುತ್ತು ಗಂಟಲಲ್ಲಿ ಇಳಿದಿತ್ತಿಲ್ಲೆ ನೋಡಿ ಯಂಗೆ. ಯನ್ನ ಕೈಯಾರೆ ಎಂತ ಮಾಡಿ ಕೂತೆ ಹೇಳಿ…" ಮಾತು ಮುಗಿಸದೆ ನಕ್ಕಳು. ಅಳು ಬೆರೆತ ನಗು. ಮೂಗು ಒರೆಸಿಕೊಂಡಳು. "ಆ ಸಾಹೇಬ್ರಿಗೆ ಒಂದು ಡಬ್ಬಿ ಬೆಲ್ಲದ ತೊಡದೇವು ಕಳಿಸವು. ಕೂಸಿನ ಹತ್ರ ಕೊಟ್ಟು ಕಳಿಸನ."

"ಕಳಿಸನ" ಎಂದ ಅಪ್ಪಯ್ಯ.

ಅವಳು ಮತ್ತೆ ಬತ್ತಿ ಹೊಸೆಯತೊಡಗಿರಬೇಕು. ಆ ಹೊತ್ತಿನಷ್ಟು ಅವಳು ಸುಖವಾಗಿದ್ದಳು. ಅದನ್ನು ಮುಟ್ಟಬಾರದು ಎಂದು ನಾನು ಕುರ್ಚಿಯಲ್ಲಿ ಅಲುಗಾಡದೆ ಕುಳಿತಿದ್ದೆ. ಆಮೇಲೆ ಅವಳು ಕೇಳಿದಳು.

"ಹಂಗಾರೆ ಆ ಗಂಟು ಆಗ್ಲೂ ಇದ್ದಿತ್ತು ಅಲ್ದ?"

ಅಪ್ಪಯ್ಯ ಕೆಮ್ಮಿದ. ಕೆಮ್ಮು ಮುಗಿಯಿತು.

"ಇತ್ತಿಲ್ಲೆ" ಎಂದ.

ನಾನು ಏಳಲಿಲ್ಲ. ಎದ್ದು ಹೋಗಿ ಅವರಿಬ್ಬರ ನಡುವೆ ನಿಲ್ಲುವುದು ನನ್ನ ಕೆಲಸವೆಂದು ನನಗೆ ಅನ್ನಿಸಲಿಲ್ಲ. ರಸ್ತೆಯಲ್ಲಿ ಯಾರದೋ ಸ್ಕೂಟರು ಹೋಯಿತು. ಆಮೇಲೆ ಆಯಿಯ ದನಿ ಕೇಳಿತು, ಪೇಟೆಯಿಂದ ಸಾಮಾನು ಏನು ತರಬೇಕು ಎಂದು ಕೇಳುವಾಗಿನಂಥದೇ ಸಾದಾ ದನಿ.

"ನಾಳೆ ಶಿರಸಿಗೆ ಎಷ್ಟು ಗಂಟೆ ಬಸ್ಸಿಗೆ ಹೋಗವು?"

"ಬೆಳಿಗ್ಗೆ ಮೊದಲ್ನೇದಕ್ಕೆ."

ಅಪ್ಪಯ್ಯ ಕೊರೋನದಲ್ಲಿ ಮಲಗಿದ್ದಾಗ ಅವಳನ್ನು ಒಳಗೆ ಬಿಟ್ಟಿರಲಿಲ್ಲ. ಈ ಸಲದ ಹುಬ್ಬಳ್ಳಿಗೂ ಅವಳು ಬಂದಿರಲಿಲ್ಲ. ಆಸ್ಪತ್ರೆಯ ವಾಸನೆ ತನಗೆ ಆಗುವುದಿಲ್ಲ ಎಂದು ಹೇಳಿ ಮನೆಯಲ್ಲೇ ಉಳಿಯುತ್ತಿದ್ದಳು.

"ಆನೂ ಬತ್ತೆ" ಎಂದಳು.

"ಅಡ್ಡಿಲ್ಲೆ, ಬಾ" ಎಂದ ಅಪ್ಪಯ್ಯ.